ಹದಿನೈದು ಅಡಿಗೆ ಒಂದೂವರೆ ದಿನ

ನಮ್ಮ ಗ್ಯಾರೇಜು ತುಮಕೂರಿನ ಶಿರಾ ಗೇಟ್ ಕಡೆ. ಬರುವ ಗಾಡಿಗಳೆಲ್ಲ ನಿಮಗೂ ಗೊತ್ತಿರುವವೇ. ಸ್ವಿಫ್ಟು, ಬೊಲೆರೊ, ಹಳೇ ಕ್ವಾಲಿಸ್ಸು, ಮಧ್ಯೆ ಮಧ್ಯೆ ತೆಂಗಿನಕಾಯಿ ಹೊತ್ತೂ ಹೊತ್ತೂ ಪಟ್ಟಿ ಮುರಿದುಕೊಂಡ ಪಿಕಪ್ಪು. ಹಾಗಾಗಿ ಒಂದು ಗುರುವಾರ ಮಜ್ದಾ ಆರ್‌ಎಕ್ಸ್-8 ಬಂದು ನಿಂತಾಗ ಪಕ್ಕದ ಪಂಕ್ಚರ್ ಅಂಗಡಿಯವನೂ ಕೈ ಒರೆಸಿಕೊಳ್ಳುತ್ತ ಬಂದ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಈಗಲೂ ದಿನಾ ಒಂದು ರೌಂಡು ಗ್ಯಾರೇಜಿಗೆ ಬಂದು ಹೋಗುತ್ತಾರೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಮಜ್ದಾ ಅಂದ್ರೆ ಸ್ವರಾಜ್ ಮಜ್ದಾ ರಿಪೇರಿ ಮಾಡಿದೀನಿ. ಆರ್‌ಎಕ್ಸ್ ಅಂದ್ರೆ ಆರ್‌ಎಕ್ಸ್ 100 ಬೈಕ್ ಓಡ್ಸಿದೀನಿ. ಇವೆರಡಕ್ಕೂ ಏನೋ ಸಂಬಂಧ ಆಗಿ ಇದು ಹುಟ್ಟಿದೆ ಬಿಡು" ಅಂದರು. ನಾವೆಲ್ಲ ನಕ್ಕೆವು. ಎರಡು ದಿನ ಆದಮೇಲೆ ನೋಡಿದರೆ ಅವರ ಮಾತಿನಲ್ಲಿ ಅರ್ಧ ನಿಜವೇ ಇತ್ತು.

ಕಾರಿನ ಯಜಮಾನರು ಹೊರದೇಶದಲ್ಲಿದ್ದು ಬೆಂಗಳೂರಿಗೆ ವಾಪಸ್ ಬಂದವರು, ಬರುವಾಗ ಇದನ್ನೂ ತಂದಿದ್ದರು. ದೇವರಾಯನದುರ್ಗಕ್ಕೆ ಹೋಗಿ ಇಳಿಯುವಾಗ ತಿರುವಿನ ಕಟ್ಟೆಗೆ ಬಂಪರ್ ತಾಗಿತ್ತು. ಅದಕ್ಕೆ ಬಣ್ಣ ಹೊಡೆಯಬೇಕು, ಅಷ್ಟೇ. ಎಂಜಿನ್ ಮುಟ್ಟುವ ಕೆಲಸವೇ ಅಲ್ಲ. ಕೀ ಕೊಟ್ಟು ಬಸ್ಸಿಗೆ ಹೋದರು.

ಸಂಜೆ ಸಣ್ಣಗೆ ಹನಿ ಶುರುವಾಯಿತು. ಬಂಪರ್‌ಗೆ ಪುಟ್ಟಿ ಮೆತ್ತಿತ್ತು, ಒದ್ದೆ ಆಗಬಾರದು. ನಾನೇ ಹತ್ತಿ ಸ್ಟಾರ್ಟ್ ಮಾಡಿ, ಹದಿನೈದು ಅಡಿ ಮುಂದೆ ತಂದು ಶೀಟಿನ ಕೆಳಗೆ ನಿಲ್ಲಿಸಿ, ಆಫ್ ಮಾಡಿದೆ. ಅರ್ಧ ನಿಮಿಷವೂ ಇಲ್ಲ. ಯಾವ ಗಾಡಿಗಾದರೂ ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ.

ಶುಕ್ರವಾರ ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಇಲ್ಲ.

ಆ ಸದ್ದಿನ ಬಗ್ಗೆ ಹೇಳಲೇಬೇಕು. ಮಾಮೂಲಿ ಎಂಜಿನ್‌ಗೆ ಸೆಲ್ಫ್ ಹೊಡೆದರೆ ಕುಂಯ್ಕ್, ಕುಂಯ್ಕ್, ಕುಂಯ್ಕ್ ಅಂತ ಮುಕ್ಕರಿಯುತ್ತದೆ. ಒಂದೊಂದು ಸಿಲಿಂಡರ್ ಗಾಳಿ ಅದುಮುವಾಗಲೂ ಸೆಲ್ಫ್ ಮೋಟಾರಿಗೆ ಒಂದೊಂದು ಏದುಸಿರು. ಇಲ್ಲಿ ಅದು ಯಾವುದೂ ಇಲ್ಲ. ಗುಂಯ್ಯ್ಯ್ ಅಂತ ಒಂದೇ ಉಸಿರು, ಖಾಲಿ ಜಾರಿನಲ್ಲಿ ಮಿಕ್ಸಿ ತಿರುಗಿದ ಹಾಗೆ. ಟೈಮಿಂಗ್ ಬೆಲ್ಟ್ ಕಿತ್ತುಹೋದ ಗಾಡಿ ಹೀಗೇ ಕೂಗುತ್ತದೆ. ಆದರೆ ಈ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟೂ ಇಲ್ಲ, ವಾಲ್ವೂ ಇಲ್ಲ, ಪಿಸ್ಟನ್ನೂ ಇಲ್ಲ, ಇದು ರೋಟರಿ ಎಂಜಿನ್ನು.

ಮೇಸ್ತ್ರಿ ಸೈಲೆನ್ಸರ್ ಹತ್ತಿರ ಬಗ್ಗಿ ಮೂಸಿ, "ಪೆಟ್ರೋಲ್ ವಾಸನೆ ಹೊಡೀತಿದೆ ಕಣೋ, ಓವರ್‌ಫ್ಲೋ ಆಗಿದೆ" ಅಂದರು. "ಇಂಜೆಕ್ಷನ್ ಗಾಡೀಲಿ ಓವರ್‌ಫ್ಲೋ ಎಲ್ಲಿಂದ ಬರುತ್ತೆ ಮೇಸ್ತ್ರಿ" ಅಂತ ನಾನು ಮಾತು ತೇಲಿಸಿದೆ. ಆಮೇಲೆ ಮಾಡಬಾರದ್ದನ್ನೆಲ್ಲ ಮಾಡಿದೆ. ಎಕ್ಸಿಲೇಟರ್ ಒತ್ತೋದು ಬಿಡೋದು ಮಾಡುತ್ತ ಸೆಲ್ಫ್ ಹೊಡೆದೆ, ಮತ್ತೆ ಹೊಡೆದೆ. ಒಂದು ಪ್ಲಗ್ ಬಿಚ್ಚಿ, ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇಟ್ಟೆ. ಮುಳ್ಳು ಏಳಲೇ ಇಲ್ಲ. ರಿಂಗ್ ಹೋಗಿದೆ ಅಂತ ತೀರ್ಮಾನಿಸಿದೆ. ರಿಂಗೇ ಇಲ್ಲದ ಎಂಜಿನ್‌ಗೆ! ಎಂಜಿನ್ ಡೌನ್ ಮಾಡಬೇಕಾಗಬಹುದು ಅಂತ ಯಜಮಾನರಿಗೆ ಫೋನ್ ಮಾಡಿದೆ.

ಅವರು ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಕೊನೇ ಸಲ ಸ್ಟಾರ್ಟ್ ಮಾಡಿದಾಗ ಎಷ್ಟು ಹೊತ್ತು ಓಡಿತು?"

ಯಾಕೆ ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಆದರೆ ಆ ಪ್ರಶ್ನೆಯಲ್ಲಿ ಒಂದು ಸರಿ ಉತ್ತರ ಇದೆ, ನನ್ನದು ಅದಲ್ಲ ಅಂತ ಮಾತ್ರ ಹೊಳೆಯಿತು. ಇಪ್ಪತ್ತೆರಡು ವರ್ಷದ ಸರ್ವಿಸ್ಸು, ಮೂರು ಹುಡುಗರು ಕಿವಿ ನೆಟ್ಟಗೆ ಮಾಡಿಕೊಂಡು ಪಕ್ಕದಲ್ಲೇ ನಿಂತಿದ್ದಾರೆ. "ಐದು ಹತ್ತು ನಿಮಿಷ ಓಡಿತು ಸಾರ್, ಬಿಸಿ ಆಗಿತ್ತು" ಅಂದುಬಿಟ್ಟೆ.

"ಹಾಗಿದ್ರೆ ಪೆಟ್ರೋಲ್ ತುಂಬಿ ಫ್ಲಡ್ ಆಗಿರಲ್ಲ. ಕಾಯಿಲ್ ನೋಡಿ" ಅಂದರು.

ಆ ಮಧ್ಯಾಹ್ನವೆಲ್ಲ ಕಾಯಿಲ್‌ಗೇ ಹೋಯಿತು. ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವುದು ಅದೇ. ನಾಲ್ಕು ಪ್ಲಗ್, ನಾಲ್ಕು ಕಾಯಿಲ್. ಅಂತರಸನಹಳ್ಳಿಯಿಂದ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿ ಟೆಸ್ಟ್ ಮಾಡಿಸಿದೆ. ನಾಲ್ಕರಲ್ಲೂ ಕರೆಂಟು ಚೆನ್ನಾಗಿ ಬರುತ್ತಿತ್ತು. ಮಧ್ಯೆ ಮಧ್ಯೆ ಸೆಲ್ಫ್. ಸಂಜೆ ಹೊತ್ತಿಗೆ ಬ್ಯಾಟರಿ ಕೈಕೊಟ್ಟಿತು.

ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹದಿನೈದು ಅಡಿ ಸಾರ್, ಅರ್ಧ ನಿಮಿಷ, ತಣ್ಣಗಿದ್ದ ಎಂಜಿನ್ನು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕರು. "ಅಯ್ಯೋ, ಅಷ್ಟೇ ತಾನೆ? ನಿನ್ನೇನೇ ಹೇಳಿದ್ರೆ ನಿನ್ನೇನೇ ಮುಗೀತಿತ್ತಲ್ರೀ."

ಅವರು ಫೋನಿನಲ್ಲಿ ಹೇಳಿದ್ದನ್ನು ನಾನು ಹುಡುಗರಿಗೆ ಕಡಲೆಕಾಯಿ ಹಿಡಿದು ಹೇಳಿದೆ, ನಮ್ಮ ಕಡೆ ಅದಕ್ಕೇನು ಬರವೇ. ಎರಡು ಬೀಜದ ಕಡಲೆಕಾಯಿ ಸಿಪ್ಪೆ ನೋಡಿ, ನಡುವೆ ಸ್ವಲ್ಪ ಸೊಂಟ ಇರುತ್ತದಲ್ಲ, ಇದರ ಹೌಸಿಂಗ್ ಆಕಾರ ಅದೇ. ಅದರೊಳಗೆ ಹೊಟ್ಟೆ ಉಬ್ಬಿದ ಮುಕ್ಕೋನದ ರೋಟರ್ ಸುತ್ತುತ್ತದೆ. ಮೂರು ಮೂಲೆಗೂ ಒಂದೊಂದು ಸಣ್ಣ ಪಟ್ಟಿ, ಅದು ಅಪೆಕ್ಸ್ ಸೀಲ್. ಪಿಸ್ಟನ್ನಿಗೆ ರಿಂಗ್ ಹೇಗೋ ಇದಕ್ಕೆ ಅದು ಹಾಗೆ. ಗಾಳಿ ಹಿಡಿಯಬೇಕಾದರೆ ಆ ಪಟ್ಟಿಗೂ ಗೋಡೆಗೂ ನಡುವೆ ಎಣ್ಣೆ ಪಸೆ ಇರಲೇಬೇಕು. ಅದಕ್ಕೇ ಕಂಪನಿಯವರು ಪಂಪ್ ಇಟ್ಟು ಎಂಜಿನ್ ಆಯಿಲನ್ನೇ ಹನಿಹನಿಯಾಗಿ ಒಳಗೆ ಬಿಡುತ್ತಾರೆ, ಅದು ಟೂ ಸ್ಟ್ರೋಕ್ ಬೈಕಿನ ಹಾಗೆ ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. "ಟೂ ಸ್ಟ್ರೋಕ್ ಜಾತಿ ಅಂತ ಮೊದಲೇ ಹೇಳಲಿಲ್ವಾ?" ಅಂದರು ಮೇಸ್ತ್ರಿ.

ತಣ್ಣಗಿದ್ದಾಗ ಯಾವ ಇಂಜೆಕ್ಷನ್ ಎಂಜಿನ್ನಾದರೂ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಇದರ ಉರಿಯುವ ಕೋಣೆ ಉದ್ದಕ್ಕೆ, ತೆಳ್ಳಗೆ ಇರುವುದರಿಂದ ಗೋಡೆ ಜಾಸ್ತಿ, ತಣ್ಣನೆ ಗೋಡೆಗೆ ಪೆಟ್ರೋಲ್ ಹನಿಯಾಗಿ ಅಂಟುತ್ತದೆ. ಎಂಜಿನ್ ಬಿಸಿ ಆಗುವ ತನಕ ಓಡಿಸಿದರೆ ಆರಿಹೋಗುತ್ತದೆ. ಅದಕ್ಕೆ ಮೊದಲೇ ಆಫ್ ಮಾಡಿದರೆ ಅಲ್ಲೇ ಉಳಿದು ಎಣ್ಣೆ ಪಸೆ ತೊಳೆದುಹಾಕುತ್ತದೆ. ಪಸೆ ಇಲ್ಲ ಅಂದರೆ ಸೀಲ್ ಹಿಡಿಯಲ್ಲ, ಸೀಲ್ ಹಿಡಿಯದಿದ್ದರೆ ಕಂಪ್ರೆಷನ್ ಇಲ್ಲ, ಕಂಪ್ರೆಷನ್ ಇಲ್ಲದೆ ಬೆಂಕಿ ಹಿಡಿಯಲ್ಲ. ಬೆಂಕಿ ಹಿಡಿಯದೆ ಸೆಲ್ಫ್ ಹೊಡೆದಷ್ಟೂ ಇನ್ನಷ್ಟು ಪೆಟ್ರೋಲ್ ಒಳಗೆ. ಶುಕ್ರವಾರ ಪೂರ್ತಿ ನಾನು ಮಾಡಿದ ಘನಕಾರ್ಯ ಇದೇ.

ಶನಿವಾರ ಮೊದಲು ಕಾರನ್ನು ಶೀಟಿನಿಂದ ಬಯಲಿಗೆ ತಳ್ಳಿಸಿದೆ. ವೆಲ್ಡಿಂಗ್ ಬಂದ್, ಬೀಡಿಯೂ ಬಂದ್, ಮರಳಿನ ಬಕೆಟ್ಟು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿ. ಬ್ಯಾಟರಿ ರಾತ್ರಿಯೆಲ್ಲ ಚಾರ್ಜಿಗೆ ಇತ್ತು. ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತೆ, ನಾಲ್ಕೂ ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿದೆ. ಪ್ಲಗ್ ತೆರೆದಿರುವಾಗ ಕಿಡಿ ಹಾರಿದರೆ ಕತೆ ಮುಗಿಯಿತು. ಎಡಗಡೆ ಮುಂದಿನ ಚಕ್ರ ಕಳಚಿದರೆ ಪ್ಲಗ್ಗಿಗೆ ಕೈ ಸಿಗುತ್ತದೆ. ಒಂದೊಂದು ರೋಟರಿಗೆ ಎರಡೆರಡು: ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎರಡರ ಹೀಟ್ ರೇಂಜ್ ಬೇರೆ, ಅದಲುಬದಲಾಗಬಾರದು. ಬಿಚ್ಚಿದ್ದನ್ನು ಪೇಪರಿನ ಮೇಲೆ ಅದೇ ಕ್ರಮದಲ್ಲಿ ಇಟ್ಟೆವು. ನಾಲ್ಕೂ ನೀರಿನಲ್ಲಿ ಅದ್ದಿ ತೆಗೆದ ಹಾಗಿದ್ದವು, ಪೇಪರಿನ ಮೇಲೆ ಒದ್ದೆ ವೃತ್ತ ಹರಡಿತು.

ಎಕ್ಸಿಲೇಟರ್ ಪೂರ್ತಿ ನೆಲಕ್ಕೆ ಒತ್ತಿ ಸೆಲ್ಫ್ ಹೊಡೀರಿ ಅಂತ ಯಜಮಾನರು ಹೇಳಿದ್ದರು. ಈ ಗಾಡಿಯಲ್ಲಿ ಹಾಗೆ ಒತ್ತಿ ಹಿಡಿದಿದ್ದರೆ ಕಂಪ್ಯೂಟರೇ ಇಂಜೆಕ್ಟರ್ ನಿಲ್ಲಿಸುತ್ತದಂತೆ. ನಾನು ನಿನ್ನೆ ಒತ್ತಿ ಬಿಟ್ಟು ಮಾಡಿದ್ದು ಕಾರ್ಬುರೇಟರ್ ಕಾಲದ ಅಭ್ಯಾಸ. ಹತ್ತು ಸೆಕೆಂಡು ಹೊಡೆದು, ಸೆಲ್ಫ್ ಮೋಟಾರ್ ತಣ್ಣಗಾಗಲು ಬಿಟ್ಟು, ಮತ್ತೆ ಹತ್ತು ಸೆಕೆಂಡು. ಮೊದಲನೇ ಸಲಕ್ಕೆ ಪ್ಲಗ್ಗಿನ ತೂತುಗಳಿಂದ ಪೆಟ್ರೋಲ್ ಪಿಚಕಾರಿ ಹೊಡೆದ ಹಾಗೆ ಚಿಮ್ಮಿತು, ಅಡಿಗೆ ಹಾಕಿದ್ದ ಗೋಣಿಚೀಲ ನೆನೆದುಹೋಯಿತು. ನಾಲ್ಕನೇ ಸಲಕ್ಕೆ ಬರೀ ಗಾಳಿ. ಆರ್‌ಎಕ್ಸ್ 100 ಓವರ್‌ಫ್ಲೋ ಆದರೆ ಟ್ಯಾಪ್ ಮುಚ್ಚಿ, ಪ್ಲಗ್ ಬಿಚ್ಚಿ, ಎಕ್ಸಿಲೇಟರ್ ತಿರುಗಿಸಿ ಹಿಡಿದು ಹತ್ತು ಕಿಕ್ ಹೊಡೆಯುತ್ತಿದ್ದೆವಲ್ಲ, ಪೂರಾ ಅದೇ. ಮೇಸ್ತ್ರಿ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ಚುಚ್ಚಿತು.

ಆಮೇಲೆ ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಒಂದೊಂದು ರೋಟರಿಗೆ ಐದಾರು ಎಂಎಲ್ ಎಂಜಿನ್ ಆಯಿಲ್ ಬಿಟ್ಟು, ಮೂರು ಮುಖಕ್ಕೂ ತಾಗಲಿ ಅಂತ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಕಂಪ್ರೆಷನ್ ಗೇಜ್ ಮತ್ತೆ ಇಟ್ಟೆ. ಅದರಲ್ಲೂ ಒಂದು ಪಾಠ ಇತ್ತು. ನಮ್ಮ ಗೇಜು ಮೂರು ಮುಖದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಹಿಡಿದು ನಿಲ್ಲುತ್ತದೆ, ಉಳಿದೆರಡು ಸತ್ತಿದ್ದರೂ ಹೇಳಲ್ಲ. ಒತ್ತಡ ಬಿಡುವ ಗುಂಡಿ ಒತ್ತಿ ಹಿಡಿದುಕೊಂಡು ಸೆಲ್ಫ್ ಹೊಡೆದರೆ ಮುಳ್ಳು ಒಂದೊಂದು ಮುಖಕ್ಕೂ ಕುಣಿಯುತ್ತದೆ. ಕುಣಿಯಿತು. ಟಕ್, ಟಕ್, ಟಕ್, ಮೂರೂ ಒಂದೇ ಎತ್ತರ. ಎಂಜಿನ್ ಡೌನ್ ಮಾಡಬೇಕು ಅಂದಿದ್ದವನು ನಾನು!

ಪ್ಲಗ್ ಒರೆಸಿ, ಒಣಗಿಸಿ, ಅವರವರ ಜಾಗಕ್ಕೆ ಹಾಕಿದೆ. ಬ್ಯಾಟರಿಗೆ ಬೊಲೆರೊದಿಂದ ಜಂಪರ್ ಕೊಟ್ಟೆ, ಸೆಲ್ಫ್ ನಿಧಾನವಾದರೆ ಈ ಎಂಜಿನ್ ಹಿಡಿಯುವುದಿಲ್ಲ. ಕನೆಕ್ಟರ್ ಸಿಕ್ಕಿಸಿ, ಫ್ಯೂಸ್ ಇಟ್ಟು, ಎಕ್ಸಿಲೇಟರ್ ನೆಲಕ್ಕೆ ಒತ್ತಿ ಸೆಲ್ಫ್ ಹೊಡೆದು ಮೆಲ್ಲಗೆ ಕಾಲು ಬಿಡುತ್ತ ಬಂದೆ. ಗುಂಯ್ ಅನ್ನುವ ಸದ್ದಿನೊಳಗೆ ಎಲ್ಲೋ ಒಂದು ಪುಟ್. ಮತ್ತೊಂದು ಪುಟ್. ಪುಟ್‌ಪುಟ್‌ಪುಟ್. ಆಮೇಲೆ ಒಮ್ಮೆಲೇ ಹಿಡಿಯಿತು. ಹಿಂದಿನಿಂದ ಬಂದ ಬಿಳಿ ಹೊಗೆ ಪಂಕ್ಚರ್ ಅಂಗಡಿ ದಾಟಿ ರಸ್ತೆ ತುಂಬಿತು. ಯಾರೋ ಒಬ್ಬರು ಸ್ಕೂಟರ್ ನಿಲ್ಲಿಸಿ "ಬೆಂಕಿ ಬಿತ್ತಾ?" ಅಂತ ಕೇಳಿದರು. ಕಾಲು ಗಂಟೆ ಓಡಿಸಿದೆ, ಜೋರಾಗಿ ರೇಸ್ ಮಾಡದೆ. ಸೈಲೆನ್ಸರಿನಲ್ಲಿ ಉಳಿದ ಪೆಟ್ರೋಲ್ ಹೊತ್ತಿಕೊಂಡರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಂಡ ಆಗುತ್ತದೆ. ಹೊಗೆ ತಾನಾಗೇ ನಿಂತಿತು. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ, ಹಾಗಾಗಿ ಆಯಿಲೂ ಬದಲಾಯಿಸಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಈ ಎಂಜಿನ್ನಿನ ಬಗ್ಗೆ ಓದಿದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಮಾದರಿ ಓಡಿಸಿದ್ದು 1957ರಲ್ಲಿ. ಮಜ್ದಾದವರು 1967ರಲ್ಲಿ ಕಾಸ್ಮೊ ಸ್ಪೋರ್ಟ್‌ನಲ್ಲಿ ಹಾಕಿದರು, 1991ರಲ್ಲಿ ನಾಲ್ಕು ರೋಟರಿನ ಗಾಡಿ ತಂದು ಲ ಮಾನ್ಸ್‌ನ 24 ಗಂಟೆ ರೇಸನ್ನೇ ಗೆದ್ದರು. ಇಪ್ಪತ್ತನಾಲ್ಕು ಗಂಟೆ ಬಿಡದೆ ಓಡಿದರೂ ಏನೂ ಆಗದ ಜಾತಿಗೆ ಅರ್ಧ ನಿಮಿಷ ಓಡಿಸಿದ್ದು ಸಹಿಸಲಿಲ್ಲ.

ಈಗ ಹೊಸ ಥರದ ಗಾಡಿ ಬಂದರೆ ಕೀ ಇಸಿದುಕೊಳ್ಳುವ ಮೊದಲು "ಇದಕ್ಕೆ ಏನಾದ್ರೂ ಚಾಳಿ ಇದೆಯಾ ಸಾರ್" ಅಂತ ಕೇಳಿ ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುತ್ತೇನೆ. ಅದು ಸುಲಭ. ಗಿರಾಕಿ ಫೋನಿನಲ್ಲಿ "ನೀವೇನು ಮಾಡಿದ್ರಿ" ಅಂತ ಕೇಳಿದಾಗ, ಹುಡುಗರ ಮುಂದೆ, ಮಾಡಿದ್ದನ್ನೇ ಹೇಳುವುದು ಇನ್ನೂ ಕಷ್ಟವೇ. ಆ ಐದು ಹತ್ತು ನಿಮಿಷ ಅಂದದ್ದನ್ನು ಹುಡುಗರಿಗೂ ಆಮೇಲೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು.

ಭಾನುವಾರ ಯಜಮಾನರು ಬಂದರು. ಬಂಪರ್ ಬಿಲ್ಲು ಮಾತ್ರ ಬರೆದಿದ್ದೆ. ಆಯಿಲ್ ದುಡ್ಡು ಕೊಡಲು ಬಂದರು, ಬೇಡ ಅಂದೆ. ಟೀ ಕುಡಿಯುತ್ತ ನಿಂತಿದ್ದಾಗ ಒಂದು ಪಿಕಪ್ ಒಳಗೆ ಬರಲು ನೋಡಿತು. ಆರ್‌ಎಕ್ಸ್-8 ಬಾಗಿಲಿಗೆ ಅಡ್ಡ ಇತ್ತು. ಡ್ರೈವರ್ ಹಾರ್ನ್ ಹೊಡೆದು, "ಸ್ವಲ್ಪ ಸ್ಟಾರ್ಟ್ ಮಾಡಿ ಮುಂದಕ್ಕೆ ತಗೊಳ್ಳಣ್ಣ" ಅಂತ ಕೂಗಿದ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಟೀ ಲೋಟ ಪಕ್ಕಕ್ಕಿಟ್ಟು, ಗೇರ್ ನ್ಯೂಟ್ರಲ್ ಮಾಡಿ, ತಳ್ಳಿದೆವು.