ವಾರ್ಜೆಯ ಮಜೂರ್ ಅಡ್ಡಾ: ಫೋಟೋ ಕೆಲಸ ಎಲ್ಲಿಗೆ ಬಂತು

ಪುಣೆಯ ವಾರ್ಜೆಯಲ್ಲಿ ಹೆದ್ದಾರಿ ಫ್ಲೈಓವರ್ ಹತ್ತಿರ ಬೆಳಿಗ್ಗೆ ಏಳಕ್ಕೇ ಜನ ಸೇರುತ್ತಾರೆ. ಗವಂಡಿಗಳು (ಗಾರೆ ಕೆಲಸದವರು), ಬಿಗಾರಿಗಳು (ಕೈಯಾಳುಗಳು), ಸೆಂಟ್ರಿಂಗ್ ಕೆಲಸದವರು. ಎಲ್ಲರ ಕೈಯಲ್ಲೂ ಊಟದ ಡಬ್ಬಿ, ಕೆಲವರ ಹತ್ತಿರ ಸಲಿಕೆ, ಘಮೇಲಾ (ಸಿಮೆಂಟ್ ಹೊರುವ ಬಾಣಲೆ). ಕೂಲಿಗಳು ಕೆಲಸಕ್ಕೆ ಕಾದು ನಿಲ್ಲುವ ಇಂಥ ಜಾಗಕ್ಕೆ ಪುಣೆಯಲ್ಲಿ ಮಜೂರ್ ಅಡ್ಡಾ ಅಂತಾರೆ, ಮುಂಬೈಯಲ್ಲಾದರೆ ನಾಕಾ. ಮುಕಾದಮ್ (ಕೂಲಿ ಮೇಸ್ತ್ರಿ) ಬಂದು ದಿನಗೂಲಿ ಮಾತಾಡಿ ತನಗೆ ಬೇಕಾದಷ್ಟು ಜನರನ್ನು ಟೆಂಪೋ ಹತ್ತಿಸಿಕೊಂಡು ಹೋಗುತ್ತಾನೆ. ಹತ್ತು ಗಂಟೆ ಆದರೂ ಯಾರೂ ಕರೆಯಲಿಲ್ಲ ಅಂದರೆ ಆ ದಿನದ ಕೂಲಿ ಹೋದ ಹಾಗೆ. ಮರಾಠವಾಡದವರು ತುಂಬ ಜನ ಇರುತ್ತಾರೆ. ಅಷ್ಟೇ ಜೋರಾಗಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡವೂ ಕೇಳುತ್ತದೆ.

ನಾನು ಶಿವಮೊಗ್ಗ ಕಡೆಯವಳು, ನೌಕರಿಗೆ ಅಂತ ಇಲ್ಲಿಗೆ ಬಂದವಳು. ಈ ಅಡ್ಡಾದ ಕನ್ನಡದವರ ಫೋಟೋ ತೆಗೆಯುವ ಕೆಲಸ ಶುರು ಮಾಡಿ ಒಂದು ಹಂತಕ್ಕೆ ಬಂದಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ದಾರಿ ತೋರಿಸುತ್ತಿರುವವರು ಒಬ್ಬ ನಿವೃತ್ತ ಪತ್ರಿಕಾ ಛಾಯಾಗ್ರಾಹಕರು. ಧಾರವಾಡದವರು, ದುಡಿದದ್ದೆಲ್ಲ ಪುಣೆಯಲ್ಲೇ. ಅವರನ್ನು ಎಲ್ಲರೂ ಕಾಕಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಹೆಸರು ಹಾಕೋದು ಬೇಡ ಅಂದಿದ್ದಾರೆ. ಫಿಲ್ಮ್ ಕಾಲದವರು, ಆದರೆ ನನ್ನ ಡಿಜಿಟಲ್ ಕ್ಯಾಮರಾ ಬಗ್ಗೆ ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಅವರು ಹಾಕಿದ ಷರತ್ತು ಇಷ್ಟೇ: ಕಂಪ್ಯೂಟರ್ ಪರದೆ ಮೇಲೆ ಫೋಟೋ ನೋಡೋದಿಲ್ಲ. ಎಲ್ಲವನ್ನೂ 4x6 ಪ್ರಿಂಟ್ ಹಾಕಿಸಿಕೊಂಡು ಬರಬೇಕು, ಅದೂ ಮ್ಯಾಟ್ ಕಾಗದದಲ್ಲಿ. ಅವರ ಮನೆಯ ಜಮಖಾನೆ ಮೇಲೆ ಹರಡಿಕೊಂಡು ಕೂರುತ್ತೇವೆ. ‘ಇರಲಿ’ ಅಂತ ಒಂದು ಗುಡ್ಡೆ, ‘ಸದ್ಯಕ್ಕ ಬ್ಯಾಡ’ ಅಂತ ಇನ್ನೊಂದು. ಬೇಡದ ಗುಡ್ಡೆಯನ್ನು ಅವರು ಎಸೆಯಲು ಬಿಡುವುದಿಲ್ಲ. ಎಷ್ಟೋ ಸಲ ಎರಡು ವಾರ ಬಿಟ್ಟು ಅದರಿಂದಲೇ ಒಂದನ್ನು ವಾಪಸ್ ಎತ್ತಿದ್ದಾರೆ.

ಮೊದಲ ತಿಂಗಳುಗಳ ಫೋಟೋಗಳಲ್ಲಿ ಇದ್ದದ್ದು ಬೆಳಗಿನ ಬೆಳಕು, ಗುಂಪು, ಟೆಂಪೋ ಹಿಂದೆ ಓಡುವ ಕಾಲುಗಳು. ನೋಡೋಕೆ ಚೆನ್ನಾಗಿದ್ದವು. ಕಾಕಾ ಒಂದೊಂದನ್ನೇ ಎತ್ತಿ ಹಿಡಿದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಇವರ ಹೆಸರೇನವಾ?” ಬೆಳಕಿನ ಬಗ್ಗೆ, ಫ್ರೇಮಿನ ಬಗ್ಗೆ ಏನೂ ಕೇಳುತ್ತಿರಲಿಲ್ಲ.

ಒಂದು ಸಂಜೆ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಅವರ ವಿಷಯ ತೆಗೆದರು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿ ಮತ್ತು ಮಕ್ಕಳ ಫೋಟೋ ತೆಗೆದರಲ್ಲ, ಅದು. ಲೋಕದಲ್ಲೇ ಅತಿ ಹೆಚ್ಚು ಜನ ನೋಡಿದ ಫೋಟೋಗಳಲ್ಲಿ ಒಂದು. ಆ ತಾಯಿಯ ಹೆಸರನ್ನು ಲ್ಯಾಂಗ್ ಬರೆದುಕೊಂಡಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ಆ ಫೋಟೋದಿಂದ ತನಗೆ ಬಿಡಿಗಾಸೂ ಸಿಗಲಿಲ್ಲ ಅಂತ ಆಕೆ ಬೇಸರ ಮಾಡಿಕೊಂಡಿದ್ದರು. ಲ್ಯಾಂಗ್ ಬಗ್ಗೆ ಕಾಕಾಗೆ ಬಹಳ ಗೌರವ. ಆ ಫೋಟೋ ಎಷ್ಟು ಒಳ್ಳೆಯದು ಅಂತ ಅರ್ಧ ಗಂಟೆ ಹೇಳಿದರು. ಆಮೇಲೆ ನನ್ನ ಮುಂದೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟರು.

ಆ ನೋಟ್‌ಬುಕ್‌ನಲ್ಲಿ ಈಗ ಪ್ರತಿ ಫೋಟೋಗೂ ಒಂದು ಸಾಲು ಇದೆ: ಫ್ರೇಮ್ ನಂಬರ್, ಹೆಸರು, ಊರು, ತಾಲೂಕು, ಫೋನ್ ನಂಬರ್. ಶಹಾಪುರ, ಸುರಪುರ, ಅಫಜಲಪುರ, ಆಳಂದ, ಸಿಂದಗಿ ಅಂತ ತಾಲೂಕುಗಳ ಪಟ್ಟಿ ಬೆಳೆಯುತ್ತಾ ಹೋಯಿತು. ಬರೆದುಕೊಳ್ಳಬೇಕು ಅಂದರೆ ಹತ್ತಿರ ಹೋಗಬೇಕು, ಮಾತಾಡಬೇಕು. ಮಾತಾಡಿದ ಮೇಲೆ ದೂರದ ಲೆನ್ಸಿನ ಅಗತ್ಯವೇ ಬೀಳಲಿಲ್ಲ. ಉದ್ದ ಲೆನ್ಸ್ ಮನೆಯಲ್ಲೇ ಉಳಿಯಿತು. ಈಗ ಫ್ಯೂಜಿ ಬಾಡಿ, 23 ಎಂಎಂ ಲೆನ್ಸ್, ಅಷ್ಟೇ. ಫುಲ್ ಫ್ರೇಮ್ (ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್) ಲೆಕ್ಕದಲ್ಲಿ ಅದು ಹೆಚ್ಚುಕಮ್ಮಿ 35 ಎಂಎಂ.

“ಫೋಟೋ ಯಾಕ್ ಹೊಡಿಲತ್ತೀರಿ ಅಕ್ಕಾರ? ಪೇಪರದಾಗ ಬರ್ತದೇನ್ರಿ?” ಅಂತ ಕೇಳುವವರು ಜಾಸ್ತಿ. ಇಲ್ಲ, ಪ್ರಿಂಟ್ ಹಾಕಿಸಿ ನಿಮಗೇ ತಂದು ಕೊಡ್ತೀನಿ, ನೀವು ಒಪ್ಪಿದರೆ ಮುಂದೆ ನಾಲ್ಕು ಜನರಿಗೆ ತೋರಿಸ್ತೀನಿ ಅಂತ ಹೇಳುತ್ತೇನೆ. ಬೇಡ ಅಂದವರ ಫೋಟೋ ತೆಗೆಯೋದಿಲ್ಲ. ಅಪ್ಪ ಅಮ್ಮನ ಜೊತೆ ಬಂದ ಮಕ್ಕಳ ಫೋಟೋ ಅವರನ್ನು ಕೇಳದೆ ಇಲ್ಲವೇ ಇಲ್ಲ.

ಹೀಗೆ ಪ್ರಿಂಟ್ ಹಂಚುತ್ತಿದ್ದ ಒಂದು ಬೆಳಿಗ್ಗೆ ಆಳಂದ ಕಡೆಯ ಒಬ್ಬ ಹೆಂಗಸು ತನ್ನ ಫೋಟೋ ನೋಡಿ, ಸೆರಗಿನಲ್ಲಿ ಒರೆಸಿ, ಡಬ್ಬಿ ಚೀಲದೊಳಗೆ ಇಟ್ಟುಕೊಂಡು ಹೇಳಿದರು: “ಇದು ಚಂದ ಅದ. ಖರೇ ನಮಗ ಪಾಸ್‌ಪೋರ್ಟ್ ಸೈಜ್ ಬೇಕಾಗ್ಯಾದ. ಕಾರ್ಡಿಗಿ.”

ಕಾರ್ಡು ಅಂದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ. ಕಾನೂನಿನ ಪ್ರಕಾರ 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡದ ಕೆಲಸ ಮಾಡಿದವರು ಹೆಸರು ಬರೆಸಬಹುದು. ಕಟ್ಟಡ ಕಟ್ಟಿಸುವವರಿಂದ ವಸೂಲಾಗುವ ಸೆಸ್ ಹಣ ಇಂಥವರಿಗಾಗಿಯೇ ಇರೋದು. ಅರ್ಜಿಗೆ ಫೋಟೋ ಬೇಕು. ಸ್ಟುಡಿಯೋ ತೆರೆಯುವ ಹೊತ್ತಿಗೆ ಇವರು ಕೆಲಸದ ಮೇಲೆ ಇರುತ್ತಾರೆ. ಅಲ್ಲಿಗೆ ಹೋಗಿ ಬರಬೇಕು ಅಂದರೆ ಅರ್ಧ ದಿನದ ಕೂಲಿ ಬಿಡಬೇಕು.

ಆವತ್ತೇ ಶುರುವಾಯಿತು. ಫ್ಲೈಓವರ್ ಕಂಬದ ಪಕ್ಕ ನೆರಳು ಇತ್ತು. ಹಿಂದೆ ಬಿಳಿ ಬೇಕಲ್ಲ? ಅಲ್ಲೇ ಕೂತಿದ್ದ ಅಜ್ಜ ಹೆಗಲ ಮೇಲಿನ ಬಿಳಿ ವಲ್ಲಿ ತೆಗೆದುಕೊಟ್ಟರು. ಇಬ್ಬರು ಹೆಂಗಸರು ಆ ತುದಿ ಈ ತುದಿ ಹಿಡಿದು ನಿಂತರು. ನಡುವೆ ಒಬ್ಬೊಬ್ಬರೇ ಬಂದು ನಿಲ್ಲುತ್ತಾ ಹೋದರು.

ತಾಂತ್ರಿಕವಾಗಿ ಇಲ್ಲಿ ಹೇಳಬೇಕಾದ ಎರಡು ಮೂರು ವಿಷಯ ಇವೆ, ಬೇರೆಯವರಿಗೂ ಉಪಯೋಗ ಆಗಬಹುದು. ಹಿಂದೆ ಬಿಳಿ ಬಟ್ಟೆ ಇದ್ದಾಗ ಕ್ಯಾಮರಾದ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಮಟ್ಟದ ಬೂದು ಮಾಡಲು ನೋಡುತ್ತದೆ. ಬಟ್ಟೆ ಬೂದು ಆಗುತ್ತದೆ, ಮುಖ ಕಪ್ಪಾಗುತ್ತದೆ. ಬಿಸಿಲಲ್ಲಿ ದುಡಿದ ಮುಖಗಳಿಗೆ ಇದು ದೊಡ್ಡ ಅನ್ಯಾಯ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) ಒಂದು ಸ್ಟಾಪ್‌ವರೆಗೆ, ಅಂದರೆ ಬೆಳಕು ಎರಡು ಪಟ್ಟು ಆಗುವವರೆಗೆ, ಮೇಲೆ ಏರಿಸಿದರೆ ಮುಖದ ನಿಜವಾದ ಬಣ್ಣ ಬರುತ್ತದೆ. ಬೀದಿದೀಪ ಇನ್ನೂ ಆರಿರುವುದಿಲ್ಲ, ಆಕಾಶದ ನೀಲಿಯೂ ಸೇರಿಕೊಂಡಿರುತ್ತದೆ. ಹಾಗಾಗಿ ಆಮೇಲೆ ಬಣ್ಣ ತಿದ್ದಲು ಬರುವ ರಾ ಫೈಲ್‌ನಲ್ಲೇ ತೆಗೆದು, ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ವೈಟ್ ಬ್ಯಾಲೆನ್ಸ್ ಡ್ರಾಪರನ್ನು (ಬಿಳಿ ಯಾವುದು ಅಂತ ತೋರಿಸಿ ಬಣ್ಣ ಸರಿಮಾಡುವ ಗುರುತು) ವಲ್ಲಿ ಮೇಲೇ ಒತ್ತುತ್ತೇನೆ. ಒಗೆದು ಒಗೆದು ಸ್ವಲ್ಪ ಮಾಸಿದ ಬಿಳಿ ಅದು, ಆದರೂ ಕೆಲಸ ಆಗುತ್ತದೆ.

ಇನ್ನೊಂದು, ದೂರ. 23 ಎಂಎಂ ಲೆನ್ಸಿನಲ್ಲಿ ಮುಖದ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಆದರೆ ಆ ವಿಕಾರ ಬರೋದು ಲೆನ್ಸಿನಿಂದ ಅಲ್ಲ, ನಾವು ಎಷ್ಟು ಹತ್ತಿರ ನಿಂತಿದ್ದೇವೆ ಅನ್ನೋದರಿಂದ. ಎರಡೂವರೆ ಮೀಟರ್ ಹಿಂದೆ ನಿಂತು ತೆಗೆದು ನಡುವಿನ ಭಾಗವನ್ನಷ್ಟೇ ಕತ್ತರಿಸಿಕೊಂಡರೆ ಮುಖ ಸರಿಯಾಗಿ ಇರುತ್ತದೆ. 35x45 ಮಿಲಿಮೀಟರ್ ಪಾಸ್‌ಪೋರ್ಟ್ ಫೋಟೋಗೆ ಬೇಕಾದ ಪಿಕ್ಸೆಲ್ ಬಹಳ ಕಡಿಮೆ. 26 ಮೆಗಾಪಿಕ್ಸೆಲ್‌ನಲ್ಲಿ ಎಷ್ಟು ಕತ್ತರಿಸಿದರೂ ಮಿಕ್ಕುತ್ತದೆ. ಒಂದು 4x6 ಹಾಳೆಯಲ್ಲಿ ಎಂಟು ಫೋಟೋ ಕೂರುತ್ತವೆ. ಆ ಹಾಳೆಯನ್ನೇ ಕೈಗೆ ಕೊಡುತ್ತೇನೆ. ಪೈಸೆ ಕೇಳೋದಿಲ್ಲ.

ಪ್ರಿಂಟ್ ಕೊಡುವ ಅವಸರದಲ್ಲಿ ಕತ್ತರಿಸದ ಪೂರ್ತಿ ಫ್ರೇಮುಗಳೂ ಕಾಕಾನ ಜಮಖಾನೆಗೆ ಹೋದವು. ಅವರು ಒಂದನ್ನು ಕಿಟಕಿ ಹತ್ತಿರ ಒಯ್ದು ಬಹಳ ಹೊತ್ತು ನೋಡಿದರು. ನಡುವೆ ನಿಂತವರ ಮೇಲೆ ಅಲ್ಲ, ಅಂಚಿನ ಮೇಲೆ ಬೆರಳಿಟ್ಟರು.

“ಇವು ಯಾರ ಕೈ?”

ವಲ್ಲಿ ಹಿಡಿದವರ ಕೈ ಕಾಕಾ, ಅಂದೆ.

“ಇದನ್ನ ಕತ್ತರಿಸಬ್ಯಾಡವಾ. ಕಾರ್ಡಿಗೆ ನಡುವಿಂದು ಕೊಡು. ನಿನ್ನ ಕೆಲಸ ಇದು, ಪೂರ್ತಿ ಇರೋದು.”

ಈ ಪ್ರಾಜೆಕ್ಟ್ ಏನು ಅನ್ನೋದು ನನಗೆ ಗೊತ್ತಾಗಿದ್ದು ಆಗ. ಒಂದೇ ಫ್ರೇಮು, ಎರಡು ಫೋಟೋ. ಒಂದು ಸರ್ಕಾರದ ಕಾರ್ಡಿನ ಮೇಲೆ ಅಂಟುತ್ತದೆ. ಅದರಲ್ಲಿ ಒಂದು ಮುಖ, ಬಿಳಿ ಹಿನ್ನೆಲೆ, ಬೇರೆ ಏನೂ ಇಲ್ಲ. ಇನ್ನೊಂದರಲ್ಲಿ ಅದೇ ಮುಖದ ಅಕ್ಕಪಕ್ಕ ಇಬ್ಬರು ತೋಳು ಎತ್ತಿ ಬಟ್ಟೆ ಹಿಡಿದಿದ್ದಾರೆ, ಹಿಂದೆ ಕಂಬ, ಟೆಂಪೋ, ಇನ್ನೂ ಕೆಲಸ ಸಿಗದೆ ನಿಂತವರು. ಬಟ್ಟೆ ಹಿಡಿದವರು ಆಮೇಲೆ ತಾವೂ ನಡುವೆ ಬರುತ್ತಾರೆ, ನಡುವೆ ಇದ್ದವರು ಬಟ್ಟೆ ಹಿಡಿಯುತ್ತಾರೆ. ಇದನ್ನು ನಾನು ಹೇಳಿ ಮಾಡಿಸಿದ್ದಲ್ಲ.

ಒಂದು ಫ್ರೇಮನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಕಟ್ಟಡ ಕೆಲಸದ ಹೆಂಗಸರು ಸೀರೆ ಮೇಲೆ ಗಂಡಸರ ತುಂಬುತೋಳಿನ ಶರ್ಟ್ ಹಾಕಿಕೊಳ್ಳುತ್ತಾರೆ, ಸಿಮೆಂಟಿಗೂ ಬಿಸಿಲಿಗೂ. ಸುರಪುರ ಕಡೆಯ ಒಬ್ಬರು ಫೋಟೋಗೆ ನಿಲ್ಲುವ ಮುಂಚೆ ಆ ಶರ್ಟಿನ ಗುಂಡಿ ಬಿಚ್ಚಿ, ತೆಗೆದು, ಸೆರಗು ಸರಿ ಮಾಡಿಕೊಂಡರು. ಒಳಗೆ ಕೆಂಪು ಅಂಚಿನ ಹಸಿರು ಸೀರೆ. ಶರ್ಟು ಇಡಲು ಜಾಗ ಇಲ್ಲ, ನೆಲವೆಲ್ಲ ಧೂಳು. ಬಟ್ಟೆ ಹಿಡಿದಿದ್ದ ಗೆಳತಿಯ ಹೆಗಲ ಮೇಲೆ ಹಾಕಿದರು. ಆಕೆಯ ಎರಡೂ ಕೈ ಮೇಲಿವೆ, ಹೆಗಲ ಮೇಲಿನ ಶರ್ಟು ಜಾರುತ್ತಿದೆ, ಗದ್ದದಿಂದ ಒತ್ತಿ ಹಿಡಿದಿದ್ದಾರೆ. ನಡುವೆ ನಿಂತವರು ಕಣ್ಣು ಮಿಟುಕಿಸದೆ ಕ್ಯಾಮರಾ ನೋಡುತ್ತಿದ್ದಾರೆ. ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಫೋಟೋ ಇದೇ. ಬಟ್ಟೆ ಹಿಡಿದವರ ಮುಖವೂ ಗದ್ದದ ಕೆಳಗಿನ ಶರ್ಟೂ ಸ್ಪಷ್ಟವಾಗಿ ಬರಬೇಕು ಅಂತಲೇ ಎಫ್ 5.6ಕ್ಕಿಂತ (ಲೆನ್ಸಿನ ಕಿಂಡಿಯ ಅಳತೆ; ನಂಬರ್ ಇಳಿದಷ್ಟೂ ಹಿಂದುಮುಂದು ಮಸುಕಾಗುತ್ತದೆ) ಕೆಳಗೆ ಇಳಿಯೋದಿಲ್ಲ, ಬೆಳಕು ಸಾಲದೆ ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 1600 ಆದರೂ ಚಿಂತೆಯಿಲ್ಲ.

ಈ ಫೋಟೋ ಮೇಲೇ ನಮ್ಮಿಬ್ಬರ ದೊಡ್ಡ ಚರ್ಚೆ ನಡೆದದ್ದು. ನನಗೆ ಕಪ್ಪು ಬಿಳುಪು ಬೇಕಿತ್ತು. ಜೀವಮಾನ ಇಡೀ ಕಪ್ಪು ಬಿಳುಪು ಮಾಡಿದ ಕಾಕಾ ಕಲರ್ ಇರಲಿ ಅಂದರು. ಕಪ್ಪು ಬಿಳುಪಿನಲ್ಲಿ ಆ ಹೆಂಗಸು ಬಡವಿಯಾಗಿ ಮಾತ್ರ ಕಾಣುತ್ತಾಳೆ, ಕಲರ್‌ನಲ್ಲಿ ತಾನೇ ಆರಿಸಿಕೊಂಡ ಸೀರೆ ಉಟ್ಟವಳಾಗಿ ಕಾಣುತ್ತಾಳೆ ಅನ್ನೋದು ಅವರ ಮಾತು. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಫೋಟೋಗಳನ್ನು ನಾನು ಮುಂದಿಟ್ಟೆ. ಅವರ ಕಪ್ಪು ಬಿಳುಪಿನ ಮಕ್ಕಳು, ಊರಿನ ಮಂದಿ ಯಾರೂ ಅಯ್ಯೋ ಪಾಪ ಅನ್ನುವ ಹಾಗೆ ಕಾಣುವುದಿಲ್ಲ, ಅಲ್ವಾ? ಕಾಕಾ ಒಪ್ಪಿದರು. ಒಪ್ಪಿ, ಹಸಿರು ಸೀರೆಯ ಪ್ರಿಂಟನ್ನು ‘ಇರಲಿ’ ಗುಡ್ಡೆಯ ಮೇಲಿಟ್ಟರು. ನಾಲ್ಕು ದಿನ ಎರಡೂ ಪ್ರಿಂಟುಗಳನ್ನು ನನ್ನ ಅಡುಗೆಮನೆ ಗೋಡೆಗೆ ಅಂಟಿಸಿಕೊಂಡು ನೋಡಿದೆ. ಈಗ ಎಲ್ಲವೂ ಕಲರ್.

ವಲ್ಲಿ ಕೊಟ್ಟ ಅಜ್ಜನಿಗೆ ಅರವತ್ತು ದಾಟಿದೆ. ಕಾರ್ಡು ಸಿಗೋದಿಲ್ಲ ಅಂತ ಅವರಿಗೂ ಗೊತ್ತು. ಆದರೂ ಕೆಲಸಕ್ಕೆ ಬರುತ್ತಾರೆ, ಆದರೂ ಯಾರೋ ಕರೆಯುತ್ತಾರೆ, ಕೂಲಿ ಮಾತ್ರ ಕಡಿಮೆ. ನಿಮ್ಮದೂ ತೆಗೆಯಲಾ ಅಜ್ಜಾ ಅಂದಾಗ “ನಂದು ದೊಡ್ಡದು ತೆಗಿ” ಅಂದರು. ವಲ್ಲಿ ವಾಪಸ್ ಇಸಿದುಕೊಂಡು, ಕೊಡವಿ, ಹೆಗಲ ಮೇಲೆ ಮಡಿಸಿ ಹಾಕಿಕೊಂಡು ನಿಂತರು. ಹಾಗಾಗಿ ಅವರೊಬ್ಬರ ಹಿಂದೆ ಮಾತ್ರ ಬಿಳಿ ಇಲ್ಲ, ಫ್ಲೈಓವರ್ ಇದೆ. 8x12 ಪ್ರಿಂಟ್ ಹಾಕಿಸಿ ಕೊಟ್ಟಿದ್ದೇನೆ. ಊರಿಗೆ ಹೋಗುವ ಮೊಮ್ಮಗನ ಕೈಯಲ್ಲಿ ಕಳಿಸಿದ್ದಾರೆ.

ಈಗ ನನ್ನ ಹತ್ತಿರ ಇರುವ ಸಮಯ ಕಡಿಮೆ. ಮುಂಗಾರು ಹತ್ತಿರ ಬಂದರೆ ಹೊಲ ಇರುವವರು ತೊಗರಿ ಬಿತ್ತನೆಗೆ ಊರಿಗೆ ಹೋಗುತ್ತಾರೆ, ಅಡ್ಡಾ ಖಾಲಿಯಾಗುತ್ತದೆ. ಅದಕ್ಕಿಂತ ಮುಂಚೆ ಎಲ್ಲರಿಗೂ ಪ್ರಿಂಟ್ ಮುಟ್ಟಿಸಬೇಕು, ತೋರಿಸಲು ಒಪ್ಪಿಗೆ ಕೇಳಬೇಕು. ಒಪ್ಪಿಗೆ ಸಿಗುವವರೆಗೆ ಯಾರ ಹೆಸರನ್ನೂ ನೋಟ್‌ಬುಕ್‌ನಿಂದ ಹೊರಗೆ ಹಾಕೋದಿಲ್ಲ, ಅದಕ್ಕೇ ಇಲ್ಲಿ ಬರೀ ಊರುಗಳಿವೆ. ನೋಂದಣಿ ಅರ್ಜಿ ತುಂಬಲು ಬರದವರಿಗೆ ಭಾನುವಾರ ಕೂತು ತುಂಬಿಕೊಡುತ್ತಿದ್ದೇನೆ. ಫೋಟೋ ಇದ್ದರೂ 90 ದಿನದ ಸರ್ಟಿಫಿಕೇಟ್ ಸಿಗದೆ ನಿಂತವರು ಹಲವರಿದ್ದಾರೆ. ದಿನಕ್ಕೊಬ್ಬ ಮುಕಾದಮ್ ಇದ್ದರೆ ಯಾರ ಸಹಿ ತರೋದು? ಆ ಪ್ರಶ್ನೆಯೂ ಫೋಟೋಗಳ ಜೊತೆ ಬರೆಯುವ ಸಾಲುಗಳಲ್ಲಿ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಎಲ್ಲಿ ತೋರಿಸೋದು ಅಂತ ಬಂದಾಗ ನಾನು ಗ್ಯಾಲರಿಗಳ ಹೆಸರು ಹೇಳುತ್ತಿದ್ದೆ. ಕಾಕಾ, ಮೊದಲು ಅಡ್ಡಾದಲ್ಲೇ ಆಗಲಿ, ಬೇರೆ ಕಡೆ ಆಮೇಲೆ ಅಂದರು. ಪಕ್ಕದ ಚಹಾ ಅಂಗಡಿಯವರು ತಮ್ಮ ಗೋಡೆ ಕೊಡಲು ಒಪ್ಪಿದ್ದಾರೆ. ಪ್ರಿಂಟಿನ ಅಳತೆ 12x18 ಇಂಚು. ಕ್ಯಾಮರಾದ ಫ್ರೇಮೂ ಇದೇ ಎರಡಕ್ಕೆ ಮೂರರ ಲೆಕ್ಕದ್ದು, ಹಾಗಾಗಿ ಅಂಚು ಎಲ್ಲೂ ಕತ್ತರಿಸಿ ಹೋಗೋದಿಲ್ಲ, ವಲ್ಲಿ ಹಿಡಿದ ಬೆರಳುಗಳು ಪೂರ್ತಿ ಬರುತ್ತವೆ. ಲ್ಯಾಬ್‌ನವರು 12x15 ಅಗ್ಗ ಆಗುತ್ತೆ ಅಂದಿದ್ದರು, ಬೇಡ ಅಂದೆ. ಫೋಟೋ ಕೆಳಗಿನ ಸಾಲುಗಳು ಕನ್ನಡ, ಮರಾಠಿ ಎರಡರಲ್ಲೂ ಇರುತ್ತವೆ. ಕನ್ನಡ ಮುಗಿದಿದೆ. ಮರಾಠಿಯನ್ನು ಆಫೀಸಿನ ಗೆಳತಿಯೊಬ್ಬಳು ತಿದ್ದುತ್ತಿದ್ದಾಳೆ, ಈ ವಾರ ಕೊಡುತ್ತಾಳೆ.