ಅಜ್ಜಿ ಫೋಟೋದ ಕಟ್ಟು

ಬೆಳಿಗ್ಗೆಯಿಂದ ಜಡಿಮಳೆ. ತೀರ್ಥಹಳ್ಳಿ ಕಡೆಯ ಗೆಳೆಯನ ಹೋಂಸ್ಟೇ ವೆಬ್‌ಸೈಟ್ ಬಿಚ್ಚಿಕೊಂಡು ಕೂತಿದ್ದೆ. ಹದಿನೈದು ವರ್ಷದ ಹಿಂದೆ ನಾನೇ ಮಾಡಿಕೊಟ್ಟಿದ್ದು. ಬೈಯೋಣ ಅಂದರೆ ಬೇರೆ ಯಾರೂ ಇಲ್ಲ.

41 ಫೋಟೋ. 40ರ ಕೋಡ್‌ನಲ್ಲೂ ಅದೇ ರಾಗ, ಬಾರ್ಡರ್ ಸೊನ್ನೆ, ಬಾರ್ಡರ್ ಸೊನ್ನೆ.

ಆಗ ಫೋಟೋಗೆ ಲಿಂಕ್ ಕೊಟ್ಟರೆ ಸಾಕು, ಬ್ರೌಸರ್ ತಾನೇ ಸುತ್ತ ನೀಲಿ ಗೆರೆ ಎಳೆದುಬಿಡುತ್ತಿತ್ತು. ಆಗುಂಬೆ ಸೂರ್ಯಾಸ್ತಕ್ಕೂ ನೀಲಿ, ಕೊಟ್ಟೆ ಕಡುಬಿಗೂ ನೀಲಿ. ಒಮ್ಮೆ ಕ್ಲಿಕ್ ಮಾಡಿ ವಾಪಸ್ ಬಂದರೆ ನೇರಳೆ! ಅದನ್ನು ಓಡಿಸೋಕೆ ಈ ಸೊನ್ನೆ.

ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್. ಅದರ 1999ರ 4.01 ಆವೃತ್ತಿಯಲ್ಲೇ ಇದನ್ನು ಬಿಡಿ, ಸ್ಟೈಲ್‌ಶೀಟ್‌ನಲ್ಲಿ, ಅಂದರೆ ಪುಟದ ಅಲಂಕಾರ ಬೇರೆಯಾಗಿ ಬರೆದಿಡುವ ಸಿಎಸ್‌ಎಸ್‌ನಲ್ಲಿ ಬರೆಯಿರಿ ಅಂದಿದ್ದರು. ಕೇಳಿದವರು ಯಾರು? ನಾನಂತೂ ಅಲ್ಲ.

ಆ ಸೊನ್ನೆಗಳನ್ನೆಲ್ಲಾ ಅಳಿಸಿದೆ. ಸಿಎಸ್‌ಎಸ್‌ನಲ್ಲಿ ಒಂದೇ ಸಾಲು, ಚಿತ್ರಗಳಿಗೆ ಬಾರ್ಡರ್ ಬೇಡ ಅಂತ. ಈಗಿನ ಬ್ರೌಸರ್‌ಗೆ ಆ ಸಾಲೂ ಬೇಕಿಲ್ಲ. ಸುಮ್ನೆ ಇರಲಿ ಅಂತ ಬಿಟ್ಟೆ, ಮಳೆ ನಿಂತ ಮೇಲೂ ಕಂಬಳಿ ಕೊಪ್ಪೆ ಹೊದ್ದೇ ತೋಟದಿಂದ ಬರುವ ಅಪ್ಪಯ್ಯನ ಹಾಗೆ.

ಉಳಿದದ್ದು ಒಂದೇ ಫೋಟೋ. ಗೆಳೆಯನ ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದು. ಅದಕ್ಕೆ ಮಾತ್ರ ಬಾರ್ಡರ್ 3. "ಅಜ್ಜಿದಕ್ಕೊಂದು ಕಟ್ಟು ಹಾಕು ಮಾರಾಯ" ಅಂದಿದ್ದ ಅವತ್ತು.

ಅದನ್ನೂ ಸಿಎಸ್‌ಎಸ್‌ಗೆ ತಂದೆ. ಅದೇ ಮೂರು ಪಿಕ್ಸೆಲ್. ಆಗಿನ ಕಪ್ಪು ಗೆರೆ ಬದಲು ಅಡಿಕೆ ಚೊಗರಿನ ಬಣ್ಣ, ಮೂಲೆ ಚೂರು ದುಂಡಗೆ. ಬಣ್ಣ ಹೊಂದಿಸೋಕೇ ಅರ್ಧ ಗಂಟೆ ಹೋಯಿತು. ಜಾಸ್ತಿ ಆಯಿತು ಅಲ್ವಾ?

ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಇನ್ನೂ ಒಂದೇ ಟಿಕ್. ಅಲ್ಲಿ ಕರೆಂಟ್ ಹೋಗಿರಬೇಕು.