ರಾಗಿ ಜೀರಿಗೆ, ಹುಳಿ ಬೆಲ್ಲ: ಲೆಕ್ಕದ ಮೇಷ್ಟ್ರ ಸಂಗೀತದ ಪುಸ್ತಕದಿಂದ

ಜೂನ್, ಎರಡನೇ ಶನಿವಾರ

"ಸಾ, ಇವತ್ತು ಲೆಕ್ಕನಾ, ಹಾಡಾ?" ಬಾಗಿಲಲ್ಲೇ ಮಕ್ಕಳು ಕೇಳಿದರು. ಹಾಡು ಅಂದೆ. ಚೀಲ ಮೂಲೆಗೆ ಹಾರಿದವು.

ಈ ವರ್ಷ ಶನಿವಾರದ ಕೊನೆಯ ಅವಧಿಯನ್ನು ಹೆಡ್‌ಮಾಸ್ಟರು ನನಗೆ ಸಂಗೀತಕ್ಕೆಂದು ಬಿಟ್ಟುಕೊಟ್ಟಿದ್ದಾರೆ. ನಾಲ್ಕು ಮತ್ತು ಐದನೇ ತರಗತಿ ಸೇರಿ 31 ಮಕ್ಕಳು. ಊರು ತಿಪಟೂರಿನ ಕಡೆಯದು, ಸುತ್ತ ತೆಂಗಿನ ತೋಟ. ನಾನು ಗಣಿತ, ವಿಜ್ಞಾನದ ಮೇಷ್ಟ್ರು. ನನ್ನ ಸಂಗೀತದ ಬಂಡವಾಳ ಅಂದರೆ ಹುಡುಗನಾಗಿದ್ದಾಗ ಮೂರು ವರ್ಷ ಪಾಠಕ್ಕೆ ಹೋಗಿ, ಗೀತೆಗಳು ಮುಗಿದು ವರ್ಣ ಶುರುವಾಗುವ ಹೊತ್ತಿಗೆ ಬಿಟ್ಟದ್ದು, ಅಷ್ಟೇ. ಏನು ನಡೆಯಿತು, ಏನು ಕೆಟ್ಟಿತು ಎಂದು ಬರೆದಿಟ್ಟುಕೊಳ್ಳಲು ಈ ಪುಸ್ತಕ.

ಮೊದಲನೇ ದಿನವೇ ಎಡವಿದೆ. ನನಗೆ ಕಲಿಸಿದ ಹಾಗೆ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠ, ತೆಗೆದೆ. ಮಾಯಾಮಾಳವಗೌಳ ರಾಗ, ಆದಿ ತಾಳ. ಪುರಂದರದಾಸರು ಹಾಕಿಕೊಟ್ಟ ದಾರಿ ಎಂದು ಎಲ್ಲರೂ ಹೇಳುವ ದಾರಿ ಅದು, ತಪ್ಪು ದಾರಿಯಂತೂ ಅಲ್ಲ. ಆದರೆ ಅದರ ರಿಷಭ (ರಿ) ಷಡ್ಜಕ್ಕೆ (ಸ) ಅಂಟಿಕೊಂಡ ಹಾಗಿದೆ. ನಮ್ಮ ಮಕ್ಕಳ ಕಿವಿಗೆ ಪಳಗಿದ ರಿಷಭ ಅದಕ್ಕಿಂತ ಮೇಲಿನದು. ನಾನು ಕೆಳಗಿನ ಶುದ್ಧ ರಿಷಭ ಹಾಡುತ್ತೇನೆ, ಅವರು ಮೇಲಿನ ಚತುಶ್ರುತಿ ರಿಷಭ ಹಾಡುತ್ತಾರೆ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆ. ದಿನಾ ಗುರುಗಳ ಮುಂದೆ ಕೂರುವ ಮಗುವಿಗೆ ಇದು ತಿಂಗಳಲ್ಲಿ ಕೂಡಿಬರುತ್ತದೆ. ವಾರಕ್ಕೆ ನಲವತ್ತು ನಿಮಿಷ ಸಿಗುವ 31 ಜನಕ್ಕೆ ವರ್ಷವೆಲ್ಲ ಇದೇ ಆದೀತು. ಪಕ್ಕಕ್ಕಿಟ್ಟೆ.

ಜೂನ್, ಕೊನೆಯ ಶನಿವಾರ

ನಾಲ್ಕು ಹುಡುಗರು ಹಾಡುವುದಿಲ್ಲ, ಗುರುಗುಟ್ಟುತ್ತಾರೆ. ಅದರಲ್ಲೊಬ್ಬನಿಗೆ ಹಿಂದಿನ ವರ್ಷ ಯಾರೋ "ನೀನು ಸುಮ್ನೆ ಬಾಯಿ ಆಡ್ಸು ಸಾಕು" ಅಂದಿದ್ದರಂತೆ. ಅವನು ಅದನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದಾನೆ.

ಅವನನ್ನು ಒಬ್ಬನನ್ನೇ ನಿಲ್ಲಿಸಿ ಕೇಳಿದಾಗ ಗೊತ್ತಾಯಿತು, ತಪ್ಪು ನನ್ನದು. ನಾನು ಹಾಡುವುದು ಒಂದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂ ಲೆಕ್ಕದ ಸಿ), ಗಂಡಸಿನ ಗಂಟಲಲ್ಲಿ. ಹೆಚ್ಚಿನ ಮಕ್ಕಳು ತಮಗೇ ತಿಳಿಯದೆ ಒಂದು ಸ್ಥಾಯಿ, ಅಂದರೆ ಕೆಳಗಿನ ಸ ಯಿಂದ ಮೇಲಿನ ಸ ಯಷ್ಟು, ಮೇಲೆ ಹಾರಿಕೊಂಡು ಅದೇ ಸ್ವರ ಹಾಡಿಬಿಡುತ್ತಾರೆ. ಈ ನಾಲ್ವರು ಹಾರುವುದಿಲ್ಲ. ಮೇಷ್ಟ್ರು ಹೇಗೆ ಹಾಡಿದರೋ ಹಾಗೇ, ನನ್ನ ಸ್ಥಾಯಿಯಲ್ಲೇ ಹಾಡಲು ನೋಡುತ್ತಾರೆ. ಅಷ್ಟು ಕೆಳಗೆ ಅವರಿಗೆ ದನಿಯೇ ಇಲ್ಲ, ಗುರುಗುರು ಬರುತ್ತದೆ. ಅಂದರೆ ಇಡೀ ತರಗತಿಯಲ್ಲಿ ನನ್ನನ್ನು ತೀರ ನಿಷ್ಠೆಯಿಂದ ಅನುಸರಿಸುತ್ತಿದ್ದವರು ಈ ನಾಲ್ಕೇ ಜನ.

ಐದನೇ ತರಗತಿಯ ಒಬ್ಬ ಹುಡುಗಿಗೆ "ಸಾಲು ನೀನು ಕೊಡಮ್ಮ" ಎಂದೆ. ಅವಳು ಕೊಟ್ಟಳು. ನಾಲ್ವರಲ್ಲಿ ಮೂವರು ಎರಡನೇ ಸಲಕ್ಕೇ ಸ್ವರ ಹಿಡಿದರು. ನಾಲ್ಕನೆಯವನು ಇನ್ನೂ ಗುರುಗುಟ್ಟುತ್ತಿದ್ದಾನೆ, ಆದರೆ ಈಗ ಜೋರಾಗಿ.

ಇನ್ನು ಮೇಲೆ ಹೊಸ ಹಾಡು ಮೊದಲು ಅವಳ ಬಾಯಿಗೆ, ಆಮೇಲೆ ಉಳಿದವರಿಗೆ.

ಜುಲೈ, ಮಳೆ ಹಿಡಿದ ವಾರ

ಹೆಂಚಿನ ಮೇಲೆ ಮಳೆ ಬಿದ್ದರೆ ಸ್ವರ ಕೇಳುವುದಿಲ್ಲ. ತಾಳಕ್ಕೆ ಇಳಿದೆವು. ಒಬ್ಬ ಹುಡುಗ ಮನೆಯಿಂದ ತಮಟೆ ತಂದಿದ್ದ. ಅವರ ಮನೆಯಲ್ಲಿ ಸೋಮನ ಕುಣಿತಕ್ಕೆ ಬಾರಿಸುವವರಿದ್ದಾರೆ. ಥಂಡಿಗೆ ಚರ್ಮ ಸಡಿಲವಾಗಿ ದೊಬ್ ದೊಬ್ ಅನ್ನುತ್ತಿತ್ತು. ಅಡುಗೆಮನೆಯ ಅಕ್ಕನ ಒಲೆ ಮುಂದೆ ಕಾಯಿಸಿಕೊಂಡು ಬಂದ, ಚರ್ಮ ಬಿಗಿಯಿತು, ಠಣ್ ಅಂದಿತು. ಶಾಖಕ್ಕೆ ತೇವ ಆರಿದರೆ ಚರ್ಮ ಯಾಕೆ ಬಿಗಿಯುತ್ತದೆ ಎಂದು ವಿಜ್ಞಾನದ ಪಾಠ ಹೇಳಹೊರಟೆ. ಯಾರೂ ಕೇಳಲಿಲ್ಲ, ಎಲ್ಲರಿಗೂ ಒಂದೊಂದು ಏಟು ಹೊಡೆಯಬೇಕಿತ್ತು.

ಮೂರಕ್ಕೆ ತಕಿಟ, ನಾಲ್ಕಕ್ಕೆ ತಕದಿಮಿ ಎಂದು ಹೇಳಿಕೊಟ್ಟೆ. ಹೇಳಿದರು, ಮರೆತರು. ಆಗ ಒಲೆ ಮುಂದಿನಿಂದಲೇ ಉಪಾಯ ಸಿಕ್ಕಿತು. ಅಕ್ಕನ ಡಬ್ಬಿಗಳ ಹೆಸರನ್ನು ಮಾತ್ರೆಯ ಲೆಕ್ಕದಲ್ಲಿ, ಹ್ರಸ್ವಕ್ಕೆ ಒಂದು, ದೀರ್ಘಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು ಎಂದು, ಓದಿದರೆ ಹೇಗೆ? ಹುಳಿ ಎರಡು ಮಾತ್ರೆ. ರಾಗಿ, ಬೆಲ್ಲ, ಉಪ್ಪು, ತೊಗರಿ ಮೂರು ಮೂರು. ಜೀರಿಗೆ, ಸಾಸಿವೆ, ಗಸಗಸೆ ನಾಲ್ಕು ನಾಲ್ಕು. ಇನ್ನೇನು, "ಹುಳಿ ಬೆಲ್ಲ, ಹುಳಿ ಬೆಲ್ಲ" ಅಂದರೆ ಐದು, ಖಂಡಛಾಪು ತಾಳ. "ರಾಗಿ ಜೀರಿಗೆ, ರಾಗಿ ಜೀರಿಗೆ" ಅಂದರೆ ಏಳು, ಮಿಶ್ರಛಾಪು ತಾಳ. ಏಳರ ತಾಳ ಕಲಿಯಲು ನನಗೆ ಚಿಕ್ಕಂದಿನಲ್ಲಿ ವಾರಗಳೇ ಹಿಡಿದಿದ್ದವು. ಇವರಿಗೆ ಮಳೆ ನಿಲ್ಲುವಷ್ಟರಲ್ಲಿ ಬಂತು. ಅರ್ಧ ತರಗತಿ ಹುಳಿ ಬೆಲ್ಲ, ಅರ್ಧ ತರಗತಿ ರಾಗಿ ಜೀರಿಗೆ ಹಿಡಿದು ಒಟ್ಟಿಗೆ ಹೊರಟರೆ ಮತ್ತೆ ಯಾವಾಗ ಒಟ್ಟಿಗೆ ಬಂದು ಸೇರುತ್ತಾರೆ ಎಂದು ಕೇಳಿದೆ. ಎಣಿಸಿ 35 ಅಂದರು. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಪಾಠ ಆದ ಹಾಗೂ ಆಯಿತು, ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಆರಕ್ಕೆ ಜಗಳ ಬಂತು. "ರಾಗಿ ಬೆಲ್ಲ" ಆರು, "ಹುಳಿ ಜೀರಿಗೆ"ಯೂ ಆರು. ಎರಡೂ ಒಂದೇನಾ? ಚಪ್ಪಾಳೆ ಹೊಡೆದು ನೋಡಿ ಅಂದೆ. ಮೂರು ಮೂರರ ನಡಿಗೆ ಬೇರೆ, ಎರಡು ನಾಲ್ಕರದು ಬೇರೆ. ಎರಡನೆಯದು ರೂಪಕ ತಾಳ. ಹಿಂದಿನ ಸಾಲಿನಿಂದ ಒಬ್ಬಳು, "ಸಾ, ಕೊತ್ತಂಬರಿ ಒಂದೇ ಸಾಕಲ್ವಾ?" ಅಂದಳು. ಕೊತ್, ತಂಬರಿ. ಎರಡು, ನಾಲ್ಕು. ನಾನು ಸುಮ್ಮನೆ ನಿಂತುಬಿಟ್ಟೆ.

ಮುಂದಿನ ಶನಿವಾರ

ಪಕ್ಕದ ಕೋಣೆಯ ಕನ್ನಡದ ಮಿಸ್ಸು ಗದ್ದಲದ ಬಗ್ಗೆ ದೂರಲು ಬಂದವರು ಬಾಗಿಲಲ್ಲೇ ನಿಂತು, "ಸಾರ್, ಇದು ಭಾಮಿನಿ ಅಲ್ವಾ?" ಅಂದರು. ಹೌದಲ್ಲ! ಮೂರು ನಾಲ್ಕು, ಮೂರು ನಾಲ್ಕು. ಗದುಗಿನ ನಾರಣಪ್ಪ, ಅಂದರೆ ಕುಮಾರವ್ಯಾಸ, ತನ್ನ ಭಾರತವನ್ನೆಲ್ಲ ಹೇಳಿದ ಭಾಮಿನಿ ಷಟ್ಪದಿಯ ನಡೆ. ಮಿಸ್ಸೇ ಸೀಮೆಸುಣ್ಣ ತಗೊಂಡು ಷಟ್ಪದಿಯ ಲೆಕ್ಕ ಬರೆದರು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯದಕ್ಕೆ ಮೂರು ನಾಲ್ಕರ ಮೂರು ಜೋಡಿ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಮಕ್ಕಳು ಡಬ್ಬಿಗಳನ್ನೇ ಜೋಡಿಸಿದರು:

ರಾಗಿ ಜೀರಿಗೆ ಬೆಲ್ಲ ಸಾಸಿವೆ
ಹುರಳಿ ಗಸಗಸೆ ತೊಗರಿ ಅರಿಶಿನ
ಉಪ್ಪು ಮೆಂತೆಯ ಅಕ್ಕಿ ಕೊಬ್ಬರಿ ಕಡಲೆ ಸಕ್ಕರೆ ತಾ

ಅರ್ಧ ಷಟ್ಪದಿ, ಪೂರ್ತಿ ಅಂಗಡಿ ಚೀಟಿ. ಪ್ರಾಸವೇ ಇಲ್ಲ ಎಂದು ಮಿಸ್ಸು ಮೂಗು ಮುರಿದರು. ಕೊನೆಯ "ತಾ" ಹೊಳೆದದ್ದು ಗುರುಗುಟ್ಟುವ ಹುಡುಗನಿಗೆ. ಅವನದನ್ನು ಎಷ್ಟು ಉದ್ದಕ್ಕೆ ಎಳೆಯುತ್ತಾನೆಂದರೆ ತಾಳ ಅವನಿಗಾಗಿ ಕಾಯಬೇಕು.

ಆಗಸ್ಟ್, ಸ್ವಾತಂತ್ರ್ಯ ದಿನದ ಹಿಂದಿನ ವಾರ

ನಾಡಗೀತೆಗೆ ಗಡಿಯಾರ ಹಿಡಿದೆ. 2022ರ ಸರ್ಕಾರಿ ಆದೇಶದಂತೆ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಬೇಕು. ನಮ್ಮದು 3 ನಿಮಿಷ 5 ಸೆಕೆಂಡ್. ರಾಷ್ಟ್ರಗೀತೆಗೆ 52 ಸೆಕೆಂಡು, ಅದೂ ನಮ್ಮಲ್ಲಿ ಒಂದು ನಿಮಿಷ ದಾಟುತ್ತದೆ.

ಬೇಗ ಹಾಡಿ ಎಂದರೆ ಮಕ್ಕಳು ಜೋರಾಗಿ ಹಾಡುತ್ತಾರೆ, ಬೇಗ ಹಾಡುವುದಿಲ್ಲ. ಎರಡು ದಿನ ಕೇಳಿದ ಮೇಲೆ ಸಾಲುಗಳು ನಿಧಾನವಾಗಿಲ್ಲ, ಸಾಲುಗಳ ನಡುವಿನ ಸಂದು ದೊಡ್ಡದಾಗಿದೆ ಎಂದು ಗೊತ್ತಾಯಿತು. ಸಾಲು ಮುಗಿದ ಕೂಡಲೇ ಎಲ್ಲರೂ ಉಸಿರೆಳೆದುಕೊಂಡು ಇನ್ಯಾರಾದರೂ ಶುರುಮಾಡಲಿ ಎಂದು ಕಾಯುತ್ತಾರೆ. ಅಲ್ಲಿ ಎರಡು ಸೆಕೆಂಡ್, ಇಲ್ಲಿ ಮೂರು. ಇಬ್ಬರ ಕೈಗೆ ತೆಂಗಿನ ಚಿಪ್ಪು ಕೊಟ್ಟು, ಹಾಡು ನಿಂತರೂ ಏಟು ನಿಲ್ಲಬಾರದು ಎಂದೆ. 15ನೇ ತಾರೀಖಿಗೆ 2 ನಿಮಿಷ 41 ಸೆಕೆಂಡಿಗೆ ಬಂತು. ಉಳಿದ 11 ಸೆಕೆಂಡು ಹಿರಿಯ ತರಗತಿಗಳ ಹುಡುಗರದು, ಅವರು ನನ್ನ ಕೈಗೆ ಸಿಗುವುದಿಲ್ಲ.

ಸೆಪ್ಟೆಂಬರ್

ಬಾಟಲಿ ವಾದ್ಯ. ಗಾಜಿನ ಬಾಟಲಿ ಎಲ್ಲಿಂದ ತರುವುದು ಎಂಬ ಚಿಂತೆ ನಮ್ಮೂರಲ್ಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಕಾಂಪೌಂಡಿನ ಹಿಂದೆ ಇದ್ದೇ ಇರುತ್ತವೆ. ಮಕ್ಕಳು ಬರುವ ಮುಂಚೆ ನಾನೇ ಆರಿಸಿ, ಚೀಟಿ ಕಿತ್ತು, ಸೋಪಿನ ನೀರಲ್ಲಿ ತೊಳೆದಿಟ್ಟೆ. ಆದರೂ ಒಬ್ಬ, "ಸಾ, ಇದು ನಮ್ಮ ಮಾವ ಕುಡಿಯೋ ಶರಬತ್ತಿಂದು" ಅಂದ.

ಆರು ಬಾಟಲಿ, ಮೋಹನ ರಾಗದ ಸ ರಿ ಗ ಪ ದ, ಮೇಲಿನ ಸ. ಮೋಹನವೇ ಯಾಕೆಂದರೆ ಅದರಲ್ಲಿ ಪಕ್ಕಪಕ್ಕಕ್ಕೆ ತಿಕ್ಕಾಡುವ ಸ್ವರಗಳಿಲ್ಲ, ಯಾವ ಬಾಟಲಿ ಆದಮೇಲೆ ಯಾವುದನ್ನು ತಟ್ಟಿದರೂ ಕಿವಿಗೆ ಹಿತ. ಫೋನಿನ ತಂಬೂರಿ ಹಾಕಿ, ಒಬ್ಬೊಬ್ಬರು ಚಮಚದಲ್ಲಿ ನೀರು ಹಾಕುತ್ತ ತೆಗೆಯುತ್ತ ಕೂಡಿಸಿದರು. ಜಗಳವಾಡಿಕೊಂಡು ಶ್ರುತಿ ಕೂಡಿಸಿದ ಆ ಅರ್ಧ ಗಂಟೆಯಲ್ಲಿ ಅವರ ಕಿವಿ ತೆರೆದಷ್ಟು ಜೂನಿನ ನನ್ನ ಸರಳೆಯಲ್ಲಿ ತೆರೆದಿರಲಿಲ್ಲ.

ನೀರು ಹೆಚ್ಚಿದ್ದರೆ ದನಿ ಕೆಳಗೆ, ಕಡಿಮೆಯಿದ್ದರೆ ಮೇಲೆ, ಇದನ್ನು ಅವರೇ ಕಂಡುಕೊಂಡರು. ಅಷ್ಟರಲ್ಲಿ ಒಬ್ಬ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿದ. ನೀರು ಹೆಚ್ಚಿದ್ದದ್ದೇ ಕೀಚಲು, ಎಲ್ಲ ತಿರುಗುಮುರುಗು! ತಟ್ಟಿದಾಗ ಅದುರುವುದು ಗಾಜು, ನೀರು. ಭಾರ ಹೆಚ್ಚಿದಷ್ಟೂ ಅದುರುವುದು ನಿಧಾನ. ಊದಿದಾಗ ಅದುರುವುದು ಒಳಗಿನ ಗಾಳಿ. ನೀರು ಏರಿದಷ್ಟೂ ಗಾಳಿಗೆ ಜಾಗ ಕಡಿಮೆ, ದನಿ ಮೇಲೆ. ಈ ಸಲ ವಿಜ್ಞಾನದ ಪಾಠ ಕೇಳಿದರು, ಕೇಳಿದ್ದೇ ಅವರಾದ್ದರಿಂದ.

ಮುಂದಿನ ಶನಿವಾರಕ್ಕೆ ಎಲ್ಲ ಬಾಟಲಿಯೂ ಸ್ವಲ್ಪ ಸ್ವಲ್ಪ ಏರಿತ್ತು. ನೀರು ಆರಿದೆ. ಮಟ್ಟಕ್ಕೆ ಉಗುರುಬಣ್ಣದ ಗೆರೆ ಎಳೆದಿದ್ದೇವೆ. ಬಣ್ಣ ಕೊಟ್ಟದ್ದು ಕನ್ನಡದ ಮಿಸ್ಸು.

ನವೆಂಬರ್, ರಾಜ್ಯೋತ್ಸವ ಆದ ಮೇಲೆ

ದಸರಾ ರಜೆಯ ನಂತರ ಒಬ್ಬ ಹುಡುಗಿಯ ಅಜ್ಜಿಯನ್ನು ಕರೆಸಿದ್ದೆವು, ಸೋಬಾನೆ ಹೇಳಲು. ಹಾರ್ಮೋನಿಯಂ ತಂದಿಟ್ಟೆ. ಅಜ್ಜಿ ಅದನ್ನು ನೋಡಿ, "ಅದ್ಯಾಕ್ ಮಗಾ, ಅತ್ಲಾಗಿಡು" ಅಂದರು. ತಮಗೆ ಬೇಕಾದಲ್ಲಿ ಎತ್ತಿಕೊಂಡರು. ಅವರು ಒಂದು ಸಾಲು ಹೇಳುವುದು, ಮಕ್ಕಳು ಸೊಲ್ಲು ಹಿಡಿಯುವುದು. ಯಾರಿಗೂ ಏನೂ ಹೇಳಿಕೊಡಲಿಲ್ಲ. ನಾಲ್ಕನೇ ಸಾಲಿಗೆ 31 ಜನವೂ ಸೊಲ್ಲಿನಲ್ಲಿದ್ದರು, ಗುರುಗುಟ್ಟುವವನೂ ಸೇರಿ, ಸರಿಯಾದ ಸ್ವರದಲ್ಲಿ. ಅವನ ಪಕ್ಕದಲ್ಲೇ ಕೂತಿದ್ದೆ. ಏನೂ ಅನ್ನಲಿಲ್ಲ, ಅಂದರೆ ನಿಲ್ಲಿಸಿಬಿಡುತ್ತಾನೆಂಬ ಭಯ.

ಪ್ರತಿಭಾ ಕಾರಂಜಿಗೆ ಯಾರನ್ನು ಕಳಿಸುತ್ತೀರಿ ಎಂದು ಹೆಡ್‌ಮಾಸ್ಟರು ಕೇಳುತ್ತಿದ್ದಾರೆ. ಸಾಲು ಕೊಡುವ ಹುಡುಗಿ ಒಬ್ಬಳೇ ಹಾಡಲು ಹೋಗುತ್ತಾಳೆ. ಉಳಿದವರದು ಸ್ಪರ್ಧೆಯ ಯಾವ ಪಟ್ಟಿಗೂ ಹೊಂದುವುದಿಲ್ಲ, ಅಂಗಡಿ ಚೀಟಿಯ ಭಾಮಿನಿ, ತಮಟೆ, ಚಿಪ್ಪು, ಬಾಟಲಿ. ಅದನ್ನು ಮಕ್ಕಳ ದಿನಾಚರಣೆಗೆ ಶಾಲೆಯಲ್ಲೇ ಇಟ್ಟುಕೊಂಡಿದ್ದೇವೆ. ಷಟ್ಪದಿಯ ಉಳಿದ ಮೂರು ಸಾಲು ಕಟ್ಟಬೇಕು, ಈ ಸಲ ಪ್ರಾಸ ಹಾಕಿ. ಮಿಸ್ಸಿಗೆ ಮಾತು ಕೊಟ್ಟಿದ್ದೇನೆ.

ನಿನ್ನೆ ಅಭ್ಯಾಸದಲ್ಲಿ ಪಂಚಮದ (ಪ) ಬಾಟಲಿ ಒಡೆಯಿತು. ಬೇರೆಯದಕ್ಕೆ ಸೋಮವಾರದವರೆಗೆ ಕಾಯಬೇಕು.